ಬಾಣ ಯಾವ ಕಡೆಗೆ ಭಾವ?

ಯಕ್ಷಗಾನದ ಯಾವ ಮೇಳದ ಆಟ ಇವತ್ತು ಎಲ್ಲಿ ಎಂದು ತಿಳಿಸುವ ವರ್ಡ್‌ಪ್ರೆಸ್ ಸೈಟೊಂದನ್ನು ನಮ್ಮ ಭಾವ ನಡೆಸುತ್ತಾರೆ. ತಿರುಗಾಟದ ನಡುವೆಯೇ ಅದನ್ನು ಹೊಸ ಸರ್ವರಿಗೆ ಸಾಗಿಸಬೇಕೆಂದು ಅವರಿಗೆ ಹೊಳೆದದ್ದು ಅದ್ಯಾವ ಗ್ರಹಚಾರವೋ. ಹಳೆಯದರಲ್ಲಿ 'ಮೈಎಸ್‌ಕ್ಯೂಎಲ್‌ಡಂಪ್' ಕೊಟ್ಟು ಡೇಟಾಬೇಸನ್ನು ಕಡತಕ್ಕೆ ಇಳಿಸಿದರು. ಅಲ್ಲಿಯವರೆಗೆ ಸುಖ. ಹೊಸದಕ್ಕೆ ತುಂಬಲು ಅದೇ ಆಜ್ಞೆ ಬರೆದು ಬಾಣವನ್ನಷ್ಟೇ (ಕಡತಕ್ಕೆ ಬರೆಯುವ '>' ಅನ್ನು ಕಡತದಿಂದ ಓದುವ '<' ಆಗಿ) ತಿರುಗಿಸಿದರು. ಇಳಿಸಿದವನೇ ಏರಿಸಬೇಕು, ನ್ಯಾಯವೇ! ಆದರೆ ಈ ಆಸಾಮಿಗೆ ಇಳಿಸುವುದೊಂದೇ ಗೊತ್ತು. ಕಡತದತ್ತ ತಿರುಗಿಯೂ ನೋಡದೆ, ಹೊಸ ಸರ್ವರಿನಲ್ಲಿದ್ದ ಬರಿಯ ವರ್ಡ್‌ಪ್ರೆಸ್ಸನ್ನೇ ಪರದೆಯ ಮೇಲೆ ಸುರಿದು, 'ಡಂಪ್ ಕಂಪ್ಲೀಟೆಡ್' ಎಂದು ಮಂಗಳ ಹಾಡಿತು. ಭಾವ ಖುಷಿಯಲ್ಲಿ ಕಾಫಿಗೆ ಎದ್ದರು. ಸೈಟಿನಲ್ಲಿ ಉಳಿದದ್ದು ಹೊಸ ವರ್ಡ್‌ಪ್ರೆಸ್ ತಾನಾಗಿಯೇ ಹಾಕುವ 'ಹಲೋ ವರ್ಲ್ಡ್'. "ಇದೆಂತ, ಹೊಸ ಪ್ರಸಂಗವಾ?" ಎಂದು ಯಾರೋ ಫೋನ್ ಮಾಡಿ ಕೇಳಿದರಂತೆ.

ಮತ್ತೆ ಕೂತಾಗ, ಏರಿಸಲು ಬರುವ 'ಮೈಎಸ್‌ಕ್ಯೂಎಲ್' ಎಂದೇ ಬರೆದರು, ಈ ಸಲ ಬಾಣ ತಿರುಗುಮುರುಗು. ಪಾಸ್‌ವರ್ಡ್ ಹೊಡೆದದ್ದೇ ಪರದೆ ಗಪ್‌ಚಿಪ್. ದೊಡ್ಡ ಕೆಲಸ, ಹೊತ್ತು ಹಿಡಿಯುತ್ತದೆ ಎಂದು ಇವರು ಕಾದರು. ಇವರೇ ಏನಾದರೂ ಟೈಪ್ ಮಾಡಲಿ ಎಂದು ಅದು ಕಾದಿತ್ತು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಇಬ್ಬರನ್ನೇ ಕೂರಿಸಿದ ಹಾಗೆ. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು: ಬಲಕ್ಕೆ ಮುಖ ಮಾಡಿದ ಬಾಣ ಕಂಡರೆ ಸಾಕು, ಆಜ್ಞೆ ಶುರುವಾಗುವ ಮೊದಲೇ ಶೆಲ್ (ನಾವು ಬರೆದ ಆಜ್ಞೆಗಳನ್ನು ಓದಿ ನಡೆಸುವ ಪ್ರೋಗ್ರಾಮು) ಎದುರಿನ ಕಡತವನ್ನು ಖಾಲಿ ಮಾಡಿಬಿಡುತ್ತದೆ. 'ಅಳಿಸಲಾ?' ಎಂದು ಕೇಳುವ ಕ್ರಮ ಇಲ್ಲ. ಬ್ಯಾಕಪ್ಪಿನ ಗಾತ್ರ 0 ಬೈಟ್.

ಎಲ್ಲರ ಮನೆ ದೋಸೆಯೂ ತೂತೇ ಭಾವ, ಎಂದೆ. 2017ರ ಜನವರಿ 31ರಂದು ಪ್ರೋಗ್ರಾಮರುಗಳ ಕೋಡ್ ಇಟ್ಟುಕೊಳ್ಳುವ ತಾಣ ಗಿಟ್‌ಲ್ಯಾಬ್‌ನವರು ಸರ್ವರ್ ಯಾವುದೆಂದು ತಪ್ಪಿ ಸುಮಾರು 300 ಜಿಬಿ ಡೇಟಾ ಅಳಿಸಿದ್ದರು. ಬ್ಯಾಕಪ್ ಹುಡುಕಿದರೆ, ಡಂಪ್ ಪ್ರೋಗ್ರಾಮಿನ ಆವೃತ್ತಿ ಡೇಟಾಬೇಸಿಗೆ ಹೊಂದದೆ ಅದು ಆಗುತ್ತಲೇ ಇರಲಿಲ್ಲ. 'ಆಗುತ್ತಿಲ್ಲ' ಎಂದು ಹೇಳುವ ಈಮೇಲೂ ತಲುಪುತ್ತಿರಲಿಲ್ಲ. ರಿಪೇರಿಯನ್ನು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿದರು. ಭಾವನಿಗೆ ಹಿಡಿಸಿದ್ದು ನೇರಪ್ರಸಾರ ಮಾತ್ರ.

ಪುಣ್ಯಕ್ಕೆ ಹಳೆ ಸರ್ವರಿನ ಬಾಡಿಗೆ ಮುಗಿದಿರಲಿಲ್ಲ. ಮತ್ತೆ ಇಳಿಸಿ ಏರಿಸಿದರೆ ಭಾಗವತರು, ಮದ್ದಳೆ, ಊರು, ಎಲ್ಲ ಕಡೆ ಪ್ರಶ್ನಾರ್ಥಕ ಚಿಹ್ನೆಗಳು.

"ನಾವು ಕೇಳುವುದು ಬಿಟ್ಟು ಇದೇ ನಮ್ಮನ್ನು ಕೇಳುತ್ತದಲ್ಲ ಮಾರಾಯ!"

ಎಲ್ಲಿಂದಲೋ ನಕಲು ಮಾಡಿದ ಇಳಿಸುವ ಆಜ್ಞೆಯಲ್ಲಿ ಅಕ್ಷರಗಳ ಸಂಕೇತಪದ್ಧತಿ 'ಲ್ಯಾಟಿನ್1' ಎಂದಿತ್ತು. ಅದಕ್ಕೆ ಕನ್ನಡ ಬಾರದು. ಕನ್ನಡ ಬಲ್ಲ 'ಯುಟಿಎಫ್8ಎಂಬಿ4' ಎಂದು ಬದಲಿಸಿ ಮತ್ತೆ ಇಳಿಸಿದ ಮೇಲೆ ಭಾಗವತರು ಮರಳಿದರು.

ಇನ್ನು ಬಾಣ ತಿರುಗಿದರೂ ಕಡತ ಅಳಿಯದಿರಲೆಂದು ಅದಕ್ಕೆ 444ರ ಅನುಮತಿ ಹಾಕಿಕೊಟ್ಟೆ, ಓದಬಹುದು, ಬರೆಯುವಂತಿಲ್ಲ. ಮರುದಿನ ಅದೇ ಹೆಸರಿಗೆ ಹೊಸ ಬ್ಯಾಕಪ್ ಬರೆಯಲು ಹೋದ ಭಾವನಿಗೆ 'ಪರ್ಮಿಷನ್ ಡಿನೈಡ್' ಬಂತು.

"ಬೀಗ ಕಳ್ಳನಿಗೆ ಹಾಕಿದ್ದಾ, ನನಗಾ?"

ಇಬ್ಬರಿಗೂ ಸೇರಿಸಿಯೇ ಹಾಕಿದ್ದೆ. ಹೇಳಲಿಲ್ಲ.