ಪರೀಕ್ಷೆಗೂ ಒಂದು ಪರೀಕ್ಷೆ ಬೇಕಲ್ವಾ?

ನಾನು ಇಂಗ್ಲೆಂಡಿಗೆ ಬಂದು ಬಹಳ ವರ್ಷವಾಯಿತು. ಈಚೆಗೆ ತಂಗಿ ಫೋನ್ ಮಾಡಿ ಕೇಳಿದಳು: "ಅಣ್ಣ, ಒಂದು ಸಲ ರಕ್ತ ಕೊಟ್ಟರೆ ಐವತ್ತು ಥರದ ಕ್ಯಾನ್ಸರ್ ಗೊತ್ತಾಗುತ್ತಂತಲ್ಲ, ನಾನೂ ಮಾಡಿಸಲಾ?" ಹೂಂ ಅನ್ನಲು ಬಾಯಿ ಬರಲಿಲ್ಲ.

ವಿಷಯವೇನೋ ನಿಜಕ್ಕೂ ದೊಡ್ಡದು. ಜೀವಕೋಶಗಳು ಸಾಯುವಾಗ ಅವುಗಳ ಡಿಎನ್‌ಎ ಚೂರುಗಳು ರಕ್ತಕ್ಕೆ ಸೇರುತ್ತವೆ, ಕ್ಯಾನ್ಸರ್ ಗಡ್ಡೆಯದೂ ಸೇರುತ್ತದೆ. ಆ ಚೂರುಗಳ ಮೇಲೆ ಅಂಟಿಕೊಂಡಿರುವ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತುಗಳು ಕ್ಯಾನ್ಸರ್ ಕೋಶದಲ್ಲಿ ಬೇರೆ ರೀತಿ ಇರುತ್ತವೆ. ಅವನ್ನು ಓದಿ ರೋಗ ಯಾವ ಅಂಗದಲ್ಲಿರಬಹುದು ಅಂತಲೂ ಅಂದಾಜು ಮಾಡುತ್ತಾರೆ. ಮೇದೋಜೀರಕದ ಕ್ಯಾನ್ಸರಿನಂಥವಕ್ಕೆ ಎಲ್ಲರಿಗೂ ಮಾಡುವ ತಪಾಸಣೆಯೇ ಇಲ್ಲ, ಹಾಗಾಗಿ ಆಸೆ ಹುಟ್ಟುವುದು ಸಹಜ.

ಆದರೆ ಗಡ್ಡೆ ಚಿಕ್ಕದಿದ್ದರೆ ರಕ್ತಕ್ಕೆ ಬೀಳುವ ಚೂರೂ ಕಮ್ಮಿ. ಇಂಥ ರಕ್ತ ಪರೀಕ್ಷೆಗಳಲ್ಲಿ ಒಂದಾದ ಗ್ಯಾಲೆರಿಯ 2021ರ ವರದಿ ನೋಡಿ. ನಾಲ್ಕನೇ ಹಂತದ ಕ್ಯಾನ್ಸರ್ ನೂರಕ್ಕೆ 90ರಷ್ಟು ಸಿಕ್ಕಿತು, ಮೊದಲ ಹಂತದ್ದು ಬರೀ 17ರಷ್ಟು. ನಮಗೆ ಬೇಕಿದ್ದದ್ದು ಮೊದಲ ಹಂತದ್ದೇ ಅಲ್ವಾ? ಇದೇ ಪರೀಕ್ಷೆಯ ಇನ್ನೊಂದು ಅಧ್ಯಯನದಲ್ಲಿ 6,600ಕ್ಕೂ ಹೆಚ್ಚು ಜನರ ರಕ್ತ ನೋಡಿದರು. 92 ಜನರಿಗೆ ಸುಳಿವು ಇದೆ ಅಂತ ಬಂತು, ಕ್ಯಾನ್ಸರ್ ಇದ್ದದ್ದು 35 ಜನರಿಗೆ. ಉಳಿದ 57 ಜನ ಸ್ಕ್ಯಾನು, ಮತ್ತೊಂದು ಪರೀಕ್ಷೆ ಅಂತ ಅಲೆಯುವಾಗ ಅವರ ಮನೆಯವರೆಲ್ಲ ಹೇಗೆ ದಿನ ದೂಡಿದರೋ.

ಅಮೆರಿಕದಲ್ಲಿ ಇದನ್ನು 2021ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆಗೆ ಕಾಯದೆ, ವೈದ್ಯರ ಚೀಟಿಯ ಮೇಲೆ ಮಾರಲು ಶುರು ಮಾಡಿದರು. ಅದೇ ವರ್ಷ ಇಂಗ್ಲೆಂಡಿನವರು ಬೇರೆ ದಾರಿ ಹಿಡಿದರು. 50ರಿಂದ 77 ವಯಸ್ಸಿನ ಸುಮಾರು 1,40,000 ಜನರನ್ನು ಸೇರಿಸಿಕೊಂಡು, ವರ್ಷಕ್ಕೊಂದು ಸಲದಂತೆ ಮೂರು ಸಲ ರಕ್ತ ತೆಗೆದು, ಅರ್ಧ ಜನರದ್ದನ್ನು ಪರೀಕ್ಷೆಗೆ ಕಳಿಸಿ ಇನ್ನರ್ಧ ಜನರದ್ದನ್ನು ಸುಮ್ನೆ ತೆಗೆದಿಟ್ಟರು. ಪರೀಕ್ಷೆ ಮಾಡಿದ್ದರಿಂದ ಬಲಿತ ಕ್ಯಾನ್ಸರ್ ಕಮ್ಮಿಯಾಗುತ್ತದಾ ಅಂತ ಹೋಲಿಸಿ ನೋಡುವುದು ಅವರ ಉದ್ದೇಶ. ನನಗೆ ಮೊದಮೊದಲು ಸಿಟ್ಟೇ ಬಂದಿತ್ತು, ಇಷ್ಟು ವರ್ಷ ಕಾಯಿಸಿದರೆ ನಡುವೆ ಹೋಗುವ ಜೀವಗಳ ಗತಿಯೇನು ಅಂತ. ಆಮೇಲೆ ಇಲ್ಲೇ ನಡೆದ ಅಂಡಾಶಯದ ಕ್ಯಾನ್ಸರ್ ಅಧ್ಯಯನದ ಬಗ್ಗೆ ಓದಿದೆ. ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರು, ಅವರಲ್ಲಿ ಅರ್ಧದಷ್ಟು ಜನಕ್ಕೆ ವರ್ಷಗಟ್ಟಲೆ ರಕ್ತ ಪರೀಕ್ಷೆ ಇಲ್ಲವೇ ಸ್ಕ್ಯಾನ್. ರೋಗ ಬೇಗ ಸಿಕ್ಕಿತು, ಆದರೆ ಸಾವು ಕಮ್ಮಿಯಾಗಲಿಲ್ಲ ಅಂತ 2021ರಲ್ಲಿ ಗೊತ್ತಾಯಿತು. ಅದನ್ನು ಓದಿದ ಮೇಲೆ ಇಂಗ್ಲೆಂಡಿನವರ ನಿಧಾನವೇ ಸರಿ ಅನ್ನಿಸಿತು.

ನಮ್ಮವರಲ್ಲಿ ಹೊಸದು ಬಂದರೆ ಮಾಡಿಸಿಬಿಡೋಣ ಅನ್ನುವ ಆತುರ ಜಾಸ್ತಿ. ಜೀವ ಉಳಿಸುತ್ತದೆ ಅಂತ ಈಗಾಗಲೇ ಖಚಿತವಾಗಿರುವ ಗರ್ಭಕಂಠದ ತಪಾಸಣೆ ಹಾಗೇ ಬಾಕಿ ಇರುತ್ತದೆ. ಈ ರಕ್ತ ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂದರೂ ಗರ್ಭಕಂಠದ ಆ ತಪಾಸಣೆ ಬಿಡುವ ಹಾಗಿಲ್ಲ. ತಂಗಿಯನ್ನು ಕೇಳಿದೆ, "ನೀನು ಅದನ್ನು ಮಾಡಿಸಿದ್ದೀಯಾ?" ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮುಂದಿನ ವಾರ ಹೋಗುತ್ತೇನೆ ಅಂದಿದ್ದಾಳೆ.