ಅನುಮತಿ ಕೊಡಬೇಕಾದವರು ಯಾರು?

ಬೆಳಿಗ್ಗೆ ಹೋಟೆಲಿನ ಟಿವಿಯಲ್ಲಿ ಲಾಕಪ್ ಡೆತ್ ಸುದ್ದಿ ಬರ್ತಿತ್ತು. ಎದುರಿಗೆ ಕೂತವರೊಬ್ಬರು ಇಡ್ಲಿ ಮುರೀತಾ, "ಏನೋ ಮಾಡಿರ್ತಾನೆ ಬಿಡಿ, ಸುಮ್ಮಸುಮ್ಮನೆ ಹೊಡೀತಾರಾ?" ಅಂದರು. ಕಾಫಿ ಅರ್ಧಕ್ಕೆ ಬಿಟ್ಟು ಎದ್ದು ಬಂದೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ತಮಿಳುನಾಡಿನ ಸಾತ್ತಾನ್‌ಕುಳಂನಲ್ಲಿ ಪೊಲೀಸರ ಹೊಡೆತಕ್ಕೆ ಸತ್ತ ತಂದೆ, ಮಗ ಏನು ಮಾಡಿದ್ದರು? ಲಾಕ್‌ಡೌನ್ ಸಮಯ ಮೀರಿ ಮೊಬೈಲ್ ಅಂಗಡಿ ತೆರೆದಿದ್ದರು ಅನ್ನೋದು ಆರೋಪ. 2020ರ ಜೂನ್ 19ಕ್ಕೆ ಠಾಣೆಗೆ ಕರೆದೊಯ್ದರು. 22ಕ್ಕೆ ಮಗ ಹೋದ, 23ಕ್ಕೆ ತಂದೆ. ರಾತ್ರಿಯಿಡೀ ಹೊಡೆದರು, ಲಾಠಿಗೂ ಮೇಜಿಗೂ ರಕ್ತ ಮೆತ್ತಿತ್ತು ಅಂತ ಮ್ಯಾಜಿಸ್ಟ್ರೇಟ್ ಮುಂದೆ ಹೇಳಿದ್ದು ಅದೇ ಠಾಣೆಯ ಮಹಿಳಾ ಹೆಡ್ ಕಾನ್‌ಸ್ಟೇಬಲ್. ಸಿಸಿಟಿವಿ ಇತ್ತು. ರೆಕಾರ್ಡಿಂಗ್ ದಿನಾ ತಾನಾಗೇ ಅಳಿಸಿಹೋಗುವಂತೆ ಇಟ್ಟಿದ್ದರು.

ಅವರನ್ನು ಠಾಣೆಗೆ ಕರೆದೊಯ್ದ ಹಿಂದಿನ ದಿನವಷ್ಟೇ, ಜೂನ್ 18ಕ್ಕೆ, ಕರ್ನಾಟಕದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದಿತ್ತು. ಕಸ್ಟಡಿಯಲ್ಲಿ ಹೊಡೆದರೆಂಬ ಖಾಸಗಿ ದೂರು ಅದು. ಕರ್ತವ್ಯಕ್ಕೂ ಕೃತ್ಯಕ್ಕೂ ನಂಟಿದ್ದರೆ, ಪೊಲೀಸರು ಅಧಿಕಾರ ಮೀರಿ ನಡೆದಿದ್ದರೂ ಅವರ ಮೇಲೆ ಕೇಸು ನಡೆಸಲು ಸರ್ಕಾರದ ಪೂರ್ವಾನುಮತಿ ಬೇಕು ಎಂದು ಕೋರ್ಟು ಆ ಕೇಸನ್ನೇ ರದ್ದು ಮಾಡಿತು. ನಮ್ಮ ಪೊಲೀಸ್ ಕಾಯ್ದೆಯ 170ನೇ ಕಲಂ ಅಂಥದ್ದು. ಅನುಮತಿ ಕೊಡಬೇಕಾದ್ದು ಸರ್ಕಾರ, ಪೊಲೀಸರೂ ಆ ಸರ್ಕಾರದವರೇ!

ರಕ್ಷಣೆ ಇಲ್ಲದಿದ್ದರೆ ಸಿಕ್ಕಿಬಿದ್ದ ಕಳ್ಳರೆಲ್ಲ ಪೊಲೀಸರ ಮೇಲೆ ಕೇಸು ಹಾಕ್ತಾರೆ ಅಂತೀರಿ. ಗಲಭೆ ಹತ್ತಿಕ್ಕುವಾಗ ಬೀಸಿದ ಲಾಠಿಗೆ ರಕ್ಷಣೆ ಇರಲಿ, ನನ್ನ ತಕರಾರಿಲ್ಲ. ಬಾಗಿಲು ಹಾಕಿ, ಕೈ ಕಟ್ಟಿದವನಿಗೆ ಹೊಡೆಯೋದು ಯಾವ ಕರ್ತವ್ಯ? ಸಿಆರ್‌ಪಿಸಿ ಬದಲಿಗೆ ಬಂದ ಹೊಸ ಕಾನೂನು ಬಿಎನ್‌ಎಸ್‌ಎಸ್‌ನಲ್ಲಿ 120 ದಿನದೊಳಗೆ ಸರ್ಕಾರ ತೀರ್ಮಾನಿಸದಿದ್ದರೆ ಅನುಮತಿ ಸಿಕ್ಕಂತೆಯೇ ಎಂದಿದೆ. ಒಳ್ಳೇದೇ. ಆದರೆ ಸರ್ಕಾರ 'ಕೊಡಲ್ಲ' ಅಂದುಬಿಟ್ಟರೆ? ಸತ್ತವನ ಹೆಂಡತಿ ಹೈಕೋರ್ಟಿಗೆ ಅಲೆಯಬೇಕು.

ಇದನ್ನು ಇಲ್ಲಿವರೆಗೆ ಬರೆದಿರಲಿಲ್ಲ. ವರ್ಷಗಳ ಹಿಂದೆ ನಮ್ಮ ಚಿಕ್ಕಪ್ಪನ ಮಗನನ್ನು ಎರಡು ರಾತ್ರಿ ಠಾಣೆಯಲ್ಲಿ ಕೂರಿಸಿಕೊಂಡಿದ್ದರು. ಬಿಟ್ಟಮೇಲೆ ಮನೆಯಲ್ಲಿ ಎಡಗೈಯಲ್ಲಿ ಊಟ ಮಾಡಿದ. ಚಿಕ್ಕಮ್ಮ "ಅನ್ನಕ್ಕೆ ಎಡಗೈ ಹಾಕ್ತೀಯೇನೋ" ಅಂತ ಗದರಿದರು. ಅವನು ಬಲಗೈ ಬಿಚ್ಚಿ ತೋರಿಸಿದ. ಅಂಗೈ ಬಾತು ಬೆರಳು ಮಡಚೋಕೆ ಆಗ್ತಿರಲಿಲ್ಲ. ದೂರು ಕೊಡೋಣ ಅಂದದ್ದು ಚಿಕ್ಕಮ್ಮ ಒಬ್ಬರೇ. ಬೇಡ, ಮತ್ತೆ ಎತ್ತಾಕಿಕೊಂಡು ಹೋಗ್ತಾರೆ ಅಂತ ಅವರ ಬಾಯಿ ಮುಚ್ಚಿಸಿದವನು ನಾನು.