ಸಂಸ್ಥೆಗೂ ಒಂದು ಹಗೇವು ಬೇಕ್ರಿ

ನಮ್ಮಜ್ಜನ ಮನಿ ಮುಂದ ಒಂದು ಹಗೇವು, ಅಂದ್ರ ನೆಲದಾಗ ಕಾಳು ಕೂಡಿಡೋ ಕುಣಿ, ಇತ್ತು, ಕುಷ್ಟಗಿ ಕಡಿ ಹಳ್ಳ್ಯಾಗ. ಸುಗ್ಗಿ ಮುಗದಮ್ಯಾಲೆ ಒಳಗ ಸುತ್ತಲೂ ಹುಲ್ಲು ಹಚ್ಚಿ, ಜೋಳ ಸುರುವಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮುಚ್ಚತಿದ್ರು. ತಗಿಯೋ ದಿನ ಮೊದ್ಲು ಬಾಯಿ ತಗದು ಬಿಟ್ಟು, ಹಗ್ಗಕ್ಕ ಕಂದೀಲು ಕಟ್ಟಿ ಇಳಿಬಿಟ್ಟು, ದೀಪ ಆರಲಿಲ್ಲಂದ್ರ ಮಾತ್ರ ಮನುಷ್ಯಾನ್ನ ಇಳಸ್ತಿದ್ರು. ಮಳಿ ಛಲೋ ಆದ ವರ್ಷ ಅಜ್ಜ ಹಗೇವು ತುಂಬಸ್ತಿದ್ದ, ಮದುವಿ ಜೋರು ಮಾಡ್ತಿರಲಿಲ್ಲ.

ಹದಿನಾಲ್ಕು ವರ್ಷದಿಂದ ಕೊಪ್ಪಳ ಜಿಲ್ಲಾದಾಗ ಕೂಲಿಗಂತ ಗುಳೆ ಹೋಗೋರ ಮಕ್ಕಳ ಸಲುವಾಗಿ ಸಣ್ಣ ಸಂಸ್ಥೆ ನಡಸ್ತೀನಿ, ಮಕ್ಕಳು ಊರಾಗ ಉಳದು ಉಂಡು ಮಲಗೋ ಕೇಂದ್ರ ನಮ್ಮವು. ಅಜ್ಜನ ಲೆಕ್ಕ ನಂಗ ತಿಳಿಯಾಕ ಎರಡು ಏಟು ಬೀಳಬೇಕಾತು.

ಒಂದು 2020. ಬೆಂಗಳೂರಿನ ದೊಡ್ಡ ಸಂಸ್ಥೆಯೊಂದರ ಮೂಲಕ ನಮಗ ವಿದೇಶಿ ದೇಣಿಗಿ ಬರ್ತಿತ್ತು. ಆ ವರ್ಷ ಎಫ್‌ಸಿಆರ್‌ಎ, ಅಂದ್ರ ವಿದೇಶಿ ದೇಣಿಗಿ ಕಾಯ್ದೆ, ತಿದ್ದುಪಡಿ ಆಗಿ, ಒಬ್ರು ತಗೊಂಡ ವಿದೇಶಿ ರೊಕ್ಕ ಇನ್ನೊಂದು ಸಂಸ್ಥೆಗೆ ಕೊಡಂಗಿಲ್ಲ ಅಂತಾತು, ನಮ್ಮಂಥವರ ಪಾಲಿಗೆ ಅದು ಅಲ್ಲಿಗೇ ನಿಂತ್ಹೋತು. ಕಂಪನಿಗಳು ಸಮಾಜದ ಕೆಲಸಕ್ಕ ಕೊಡೋ ಸಿಎಸ್‌ಆರ್ ರೊಕ್ಕನೂ ಕೋವಿಡ್ ಕಡಿ ಹರೀತು, ಅದು ತಪ್ಪಲ್ಲ, ಆಗ ಅದಾ ಬೇಕಿತ್ತು.

ಎರಡನೇದು ನನ್ನ ತಪ್ಪು. ಮುಂದ ಒಂದು ಕಂಪನಿ ಛಲೋ ಅನುದಾನ ಕೊಡ್ತು, ನಾನು ಮೂರು ಹಳ್ಳ್ಯಾಗ ಇದ್ದ ಕೇಂದ್ರ ಏಳು ಮಾಡಿದೆ. 2023ರಾಗ ಬರ ಬಿತ್ತು, ರಾಜ್ಯದ 236 ತಾಲ್ಲೂಕಿನ್ಯಾಗ 223 ಬರಪೀಡಿತ. ಮಂದಿ ಗಂಟುಮೂಟಿ ಕಟ್ಟಿ ಮಂಗಳೂರು, ಗೋವಾ ಬಸ್ ಹತ್ತಿದ್ರು, ಕೇಂದ್ರದಾಗ ಮಕ್ಕಳು ಹೆಚ್ಚಾದ್ರು, ಅದಾ ಹೊತ್ತಿಗೆ ಕಂಪನಿಯವರ ಫೋನ್ ಬಂತು, "ಈ ಸಲ ಬಜೆಟ್ ಇಲ್ಲ ಸರ್". ಕಿರಾಣಿ ಅಂಗಡಿಗೆ ಗಿರಾಕಿ ಹೆಚ್ಚಾದ್ರ ಗಲ್ಲಾ ತುಂಬತೈತಿ, ನಮಗ ಮಂದಿ ಬಂದಷ್ಟೂ ಗಲ್ಲಾ ಖಾಲಿ ಆಗ್ತೈತಿ.

ನಾಲ್ಕು ಕೇಂದ್ರ ಮುಚ್ಚಿದ್ವಿ. ಕೊನೇ ದಿನ ಅಡಗಿ ಮಾಡೋ ಅಕ್ಕ ತಾಟು ತೊಳದು, ಎಣಿಸಿ, ಹಗ್ಗಲೆ ಕಟ್ಟಾಕತ್ತಿದ್ಲು. ಅಕಿ ಪಗಾರ ಎರಡು ತಿಂಗಳದ್ದು ಬಾಕಿ ಇತ್ತು, ಒಂದು ಮಾತು ಕೇಳಲಿಲ್ಲ. ಒಂದು ಹುಡುಗಿ ತಾಟಿನ ಹಿಂದ ಮೊಳಿಲೆ ತನ್ನ ಹೆಸರು ಕೆತ್ತಿಕೊಂಡಿತ್ತು, "ಸರ್ ಇದು ನಂದು, ಒಯ್ಯಲಾ?" ಅಂತು. ಒಯ್ಯವ್ವ ಅಂದೆ. ಇವತ್ತಿಗೂ ಆ ತಾಟು ಕಣ್ಣಾಗ ಐತಿ.

ಕಂಪನಿ ರೊಕ್ಕದ ಲೆಕ್ಕ ನಾವು ಕಾರ್ಯಕರ್ತರು ತಿಳಕೊಳ್ಳಬೇಕ್ರಿ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ 3 ವರ್ಷದ ಸರಾಸರಿ ಲಾಭದಾಗ 2% ಸಿಎಸ್‌ಆರ್‌ಗೆ ಖರ್ಚು ಮಾಡ್ಬೇಕು. ಅಂದ್ರ ಗಿಣಿಗೇರಿ ಕಡಿ ಫ್ಯಾಕ್ಟರಿಗೆ ಒಂದು ವರ್ಷ ಹೊಡ್ತ ಬಿದ್ರ ಮುಂದಿನ ಮೂರು ವರ್ಷ ಆ ಹೊಡ್ತ ಸರಾಸರಿಯಾಗ ಕುಂತಿರತೈತಿ. ಅಂಥ ಒಬ್ಬರನ್ನಾ ನಂಬಿ ಏಳು ಹಳ್ಳಿಗೆ ಮಾತು ಕೊಡಬಾರದಿತ್ತು.

ಸಂಸ್ಥೆಯವರು ರೊಕ್ಕ ಉಳಿಸಿದ್ರ ಕಾನೂನು ಒಪ್ಪಂಗಿಲ್ಲ ಅಂತ ಭಾಳ ಮಂದಿ ಅನ್ಕೊಂಡಾರ, ನಾನೂ ಅನ್ಕೊಂಡಿದ್ದೆ. ಆದಾಯ ತೆರಿಗಿ ವಿನಾಯ್ತಿ ಬೇಕಂದ್ರ ನಮ್ಮಂಥ ಟ್ರಸ್ಟ್ ತನ್ನ ಆದಾಯದ 85% ಆ ವರ್ಷ ಕೆಲಸಕ್ಕ ಹಚ್ಚಬೇಕು ಖರೆ, ಉಳಿದ 15% ಇಟ್ಕೋಬಹುದು. ಅದಕ್ಕೂ ಹೆಚ್ಚು ಇಡಬೇಕಂದ್ರ ಯಾವ ಉದ್ದೇಶಕ್ಕ ಅಂತ ಬರದು, ಟೈಮಿಗೆ ಫಾರ್ಮ್ ಹಾಕಿ 5 ವರ್ಷದ ತನಕ ಇಡಾಕ ಬರ್ತೈತಿ. ನಮ್ಮ ಆಡಿಟರ್ ಒಂದು ಮಧ್ಯಾಹ್ನ ಕುಂದರಿಸಿಕೊಂಡು ಹೇಳಿದಾಗ, ಇಷ್ಟು ವರ್ಷ ಯಾಕ ಕೇಳಲಿಲ್ಲ ಅಂತ ಹೊಟ್ಟಿ ಉರೀತು.

ಇನ್ನ ಕೊಡೋ ದಾನಿಗಳಿಗೆ ಕೈ ಮುಗದು ಒಂದು ಮಾತು. "ಪಗಾರಕ್ಕ ಕೊಡಂಗಿಲ್ಲ, ಬ್ಯಾಗು ಪುಸ್ತಕ ಕೊಡ್ತೀವಿ, ಫೋಟೋ ಕಳಸ್ರಿ" ಅಂತೀರಿ. ಹಂಗಾರ ರಾತ್ರಿ ಮಕ್ಕಳ ಜೋಡಿ ಮಲಗೋರು ಯಾರು? ಮುಂಜಾನೆ ರೊಟ್ಟಿ ಬಡಿಯೋ ಅಕ್ಕನ ಪಗಾರನಾ ನಮ್ಮ ಕೆಲಸ, ಅದು ಮ್ಯಾಲಿನ ಖರ್ಚಲ್ಲ.

ಕೊಪ್ಪಳದ ಗವಿಮಠದ ಜಾತ್ರಿಗೆ ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರ್‌ನ್ಯಾಗ ರೊಟ್ಟಿ ಬರ್ತಾವಲ್ರಿ, ದಾಸೋಹಕ್ಕ. ಒಂದು ಮನಿಯಿಂದ ಹತ್ತು ರೊಟ್ಟಿ ಕಡಿಮಿ ಬಂದ್ರೂ ದಾಸೋಹ ನಿಲ್ಲಂಗಿಲ್ಲ. ನಾವೂ ಈಗ ಹಂಗಾ ಸುರು ಮಾಡೀವಿ. ಮಾಸ್ತರರು, ಕಂಡಕ್ಟರ್, ಬೀಜದ ಅಂಗಡಿಯವರು ತಿಂಗಳಿಗೆ ನೂರು, ಇನ್ನೂರು ಕೊಡ್ತಾರ, ಹಳ್ಳ್ಯಾಗ ರೊಕ್ಕ ಇಲ್ಲದೋರು ಜೋಳ ಅಳೀತಾರ. ನಾಲ್ಕು ತಿಂಗಳ ಪಗಾರದಷ್ಟು ಬ್ಯಾಂಕಿನ್ಯಾಗ ಕೂಡೈತಿ. ಆರು ತಿಂಗಳದ್ದು ಆಗೋ ತನಕ ಹೊಸ ಕೇಂದ್ರ ಬ್ಯಾಡ ಅಂತ ಎಲ್ಲರೂ ಕೂಡಿ ಠರಾವು ಮಾಡೀವಿ.

ಮೊನ್ನೆ ಮುಚ್ಚಿದ ಊರಿನ ಹಿರಿಯಾರು ಮೂರು ಮಂದಿ ಆಫೀಸಿಗೆ ಬಂದು, ಮತ್ತ ಯಾವಾಗ ತಗೀತೀರಿ ಅಂತ ಕೇಳಿದ್ರು. ಮುಂದಿನ ದೀಪಾವಳಿ ತನಕ ತಡೀರಿ ಯಜಮಾನ್ರ, ಈ ಸಲ ತಗದ್ರ ಮುಚ್ಚಂಗಿಲ್ಲ ಅಂದೆ. ಚಾ ಕುಡದು ಒಬ್ರ ಮಾರಿ ಒಬ್ರು ನೋಡಿದ್ರು, ಆಮ್ಯಾಲೆ ಒಬ್ಬ ಅಜ್ಜ ಎದ್ದು, "ಹಂಗಾರ ನಮ್ಮೂರಿಂದ ಎಷ್ಟು ಜೋಳ ಕೂಡಸಬೇಕು, ಈಗ್ಲೇ ಹೇಳು" ಅಂದ.